ವಿಷಯ: ದ್ವಿತೀಯ ಪಿಯುಸಿ ಭೌತಶಾಸ್ತ್ರ ಪ್ಯಾಕೇಜಿನ ರೇ ಆಪ್ಟಿಕ್ಸ್ ಪಾಠದಲ್ಲಿ ತಪ್ಪು ಉತ್ತರಗಳು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಮಗಳ ಓದಿಗೆಂದು ನಿಮ್ಮ ಆ್ಯಪ್‌ನ ಒಂದು ವರ್ಷದ ಪ್ಯಾಕೇಜ್ ತೆಗೆದುಕೊಂಡಿದ್ದೇನೆ. ನಾನೂ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಉಪನ್ಯಾಸಕ. ವಕ್ರೀಭವನದ ಲೆಕ್ಕಗಳಿಗೆ ನೀವು ಕೊಟ್ಟಿರುವ ಉತ್ತರಗಳನ್ನು ನೋಡಿ ಸುಮ್ಮನಿರಲಾಗಲಿಲ್ಲ.

2 ಮೀಟರ್ ಆಳದ ನೀರಿನ ತಳದಲ್ಲಿ ಸಣ್ಣ ಬಲ್ಬ್ ಉರಿಯುತ್ತಿದೆ; ಮೇಲ್ಮೈಯ ಎಷ್ಟು ವಿಸ್ತೀರ್ಣದಿಂದ ಬೆಳಕು ಹೊರಬರುತ್ತದೆ ಎಂಬುದು ಒಂದು ಲೆಕ್ಕ. ನೀರಿನ ವಕ್ರೀಭವನ ಸೂಚ್ಯಂಕ 4/3, ಹಾಗಾಗಿ ಕ್ರಾಂತಿ ಕೋನದ (ಇದನ್ನು ಮೀರಿದ ಕೋನದಲ್ಲಿ ಮೇಲ್ಮೈಗೆ ಬಡಿದ ಬೆಳಕು ಹೊರಬರದೆ ಪೂರ್ತಿ ಒಳಕ್ಕೇ ಪ್ರತಿಫಲಿಸುತ್ತದೆ) ಸೈನ್ 3/4. ಇಲ್ಲಿಯವರೆಗೆ ಸರಿಯಿದೆ. ಆಮೇಲೆ ಆಳವನ್ನು ಈ ಸೈನ್‌ನಿಂದಲೇ ಗುಣಿಸಿ, ತ್ರಿಜ್ಯ 1.5 ಮೀಟರ್, ವಿಸ್ತೀರ್ಣ 7.07 ಚದರ ಮೀಟರ್ ಎಂದಿದ್ದೀರಿ. ಒಂದು ಚಿತ್ರ ಬರೆದಿದ್ದರೂ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಆಳ ಲಂಬದ ಗುಂಟ, ತ್ರಿಜ್ಯ ಮೇಲ್ಮೈಯ ಗುಂಟ. ಅವೆರಡನ್ನೂ ಜೋಡಿಸುವುದು ಟ್ಯಾಂಜೆಂಟ್. ಹಾಗೆ ಮಾಡಿದರೆ ತ್ರಿಜ್ಯ ಸುಮಾರು 2.27 ಮೀಟರ್, ವಿಸ್ತೀರ್ಣ 16.2 ಚದರ ಮೀಟರ್. ನಿಮ್ಮ ಉತ್ತರ ಇದರ ಅರ್ಧವೂ ಇಲ್ಲ.

ಇನ್ನೊಂದು ಇದಕ್ಕಿಂತ ಗಂಭೀರ. ಗಾಳಿಯಿಂದ ಗಾಜಿಗೆ 60 ಡಿಗ್ರಿ ಕೋನದಲ್ಲಿ ಬೀಳುವ ಕಿರಣಕ್ಕೆ, ‘ಕ್ರಾಂತಿ ಕೋನವಾದ 41.8 ಡಿಗ್ರಿಗಿಂತ ಹೆಚ್ಚಾದ್ದರಿಂದ ಪೂರ್ಣ ಆಂತರಿಕ ಪ್ರತಿಫಲನ’ ಎಂದು ವಿಡಿಯೊದಲ್ಲಿ ಹೇಳಿಕೊಟ್ಟಿದ್ದಾರೆ. ಬೆಳಕು ಸಾಂದ್ರ ಮಾಧ್ಯಮದಿಂದ ವಿರಳ ಮಾಧ್ಯಮಕ್ಕೆ ಹೊರಟಾಗ ಮಾತ್ರ ಪೂರ್ಣ ಆಂತರಿಕ ಪ್ರತಿಫಲನ ಸಾಧ್ಯ. ಸೂಚ್ಯಂಕ 1.5 ಇರುವ ಆ ಗಾಜಿನೊಳಕ್ಕೆ ಕಿರಣ ಲಂಬದ ಕಡೆಗೆ ಬಾಗಿ, 35.3 ಡಿಗ್ರಿಯಲ್ಲಿ ಸಾಗುತ್ತದೆ. ಮೊದಲನೆಯದು ಲೆಕ್ಕದ ತಪ್ಪು, ತಿದ್ದಿಕೊಳ್ಳಬಹುದು. ಇದು ತಿಳಿವಳಿಕೆಯನ್ನೇ ಕೆಡಿಸುತ್ತದೆ. ಹೀಗೆ ಕಲಿತ ಮಗು, ಇದೇ ಪ್ರತಿಫಲನದಿಂದ ಬೆಳಕನ್ನು ಸಾಗಿಸುವ ಆಪ್ಟಿಕಲ್ ಫೈಬರ್‌ನಲ್ಲಿ ತಿರುಳಿನ ಸೂಚ್ಯಂಕ ಹೊದಿಕೆಯದಕ್ಕಿಂತ ಹೆಚ್ಚು ಯಾಕಿರಬೇಕು ಎಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ನೀಟ್‌ನಲ್ಲಂತೂ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ.

ಸಹಾಯವಾಣಿಗೆ ಕರೆ ಮಾಡಿದೆ. ‘ನಮ್ಮ ತಜ್ಞರು ಪರಿಶೀಲಿಸಿದ ಉತ್ತರ ಸರ್’ ಎಂದರು. ಪರಿಶೀಲಿಸಿದವರೊಂದಿಗೆ ಮಾತಾಡಿಸಿ ಎಂದರೆ ಫೋನ್ ಇಟ್ಟರು.

ಇವೆರಡೂ ಪರಿಹಾರಗಳನ್ನು ಕೂಡಲೇ ತೆಗೆದು ಸರಿಯಾದವನ್ನು ಹಾಕಿ. ಈಗಾಗಲೇ ನೋಡಿರುವ ಎಲ್ಲ ವಿದ್ಯಾರ್ಥಿಗಳಿಗೂ ಆ್ಯಪ್‌ನಲ್ಲೇ ತಿದ್ದುಪಡಿಯ ಸೂಚನೆ ಕಳಿಸಿ. ಸದ್ದಿಲ್ಲದೆ ಬದಲಾಯಿಸಿದರೆ ಸಾಲದು. ಇಡೀ ಪಾಠವನ್ನು ವಿಷಯ ಬಲ್ಲವರಿಂದ ಮತ್ತೊಮ್ಮೆ ಪರಿಶೀಲಿಸಿ, 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಇಲ್ಲವಾದರೆ ಪ್ಯಾಕೇಜಿನ ಹಣ ಮರಳಿಸುವಂತೆ ಕೋರಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಎರಡೂ ಪುಟಗಳ ಸ್ಕ್ರೀನ್‌ಶಾಟ್, ನಾನು ಬಿಡಿಸಿದ ಲೆಕ್ಕ ಮತ್ತು ಹಣ ಕಟ್ಟಿದ ರಸೀದಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ