ಬಂಪರ್ ಗೆದ್ದವರ ಫೋಟೊ ಪಕ್ಕ ಒಂದು ಚೌಕ ಬಿಡಿ

ಮಾನ್ಯ ಸಂಪಾದಕರೇ,

ಕೇರಳ ಸರ್ಕಾರದ ಓಣಂ ಬಂಪರ್ ಲಾಟರಿಯ ಡ್ರಾ ಆದ ಮರುದಿನ ಗೆದ್ದವರ ನಗುಮುಖ ನಮ್ಮ ಕನ್ನಡ ಪತ್ರಿಕೆಗಳಲ್ಲೂ ರಾರಾಜಿಸುತ್ತದೆ. 2024ರಲ್ಲಿ ಅದರ ಮೊದಲ ಬಹುಮಾನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಹೊಡೆದ ಮೇಲಂತೂ ಗುಂಡ್ಲುಪೇಟೆ ಕಡೆಯ ನಮ್ಮಂಥವರಿಗೆ ಆ ಟಿಕೆಟ್ ಸಿಗುವ ವಯನಾಡಿನ ಬತ್ತೇರಿ ಇನ್ನಷ್ಟು ಹತ್ತಿರವಾಗಿದೆ. ಮೂಲೆಹೊಳೆ ದಾಟಿ ಹೋಗುವ ತರಕಾರಿ ಲಾರಿಯವರ ಕೈಗೆ ದುಡ್ಡಿಟ್ಟು 'ನನಗೂ ಒಂದು ಟಿಕೆಟ್ ತಾರಪ್ಪ' ಅನ್ನುವವರು ಬೀದಿಗೊಬ್ಬರಿದ್ದಾರೆ. ಸುಳ್ಳೇಕೆ ಹೇಳಲಿ, ನಾನೂ ಎರಡು ಸಲ ತರಿಸಿದ್ದೇನೆ. ಎರಡು ಸಲವೂ ಏನೂ ಬರಲಿಲ್ಲ. ಹಾಗಾಗಿ ಇದು ಲಾಟರಿ ಆಡುವವರಿಗೆ ಬುದ್ಧಿ ಹೇಳುವ ಪತ್ರವಲ್ಲ. ನನ್ನ ತಕರಾರು ಇರುವುದು ನಿಮ್ಮ ವರದಿಗಳ ಮೇಲೆ. ಗೆದ್ದವರ ಕಥೆ ಅರ್ಧ ಪುಟ ಬರುತ್ತದೆ. ಆ ಲಾಟರಿ ನಡೆಯುವ ಬಗೆ ಒಂದು ಸಾಲೂ ಬರುವುದಿಲ್ಲ.

ಬಾರದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಬೀದಿಯ ಒಬ್ಬ ಹುಡುಗನೇ ಸಾಕ್ಷಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಟಿಕೆಟ್ ಚಿತ್ರ ನೋಡಿ ಫೋನ್‌ನಲ್ಲೇ ದುಡ್ಡು ಕಳಿಸಿದ. ಒಂದು ವಾರ ಬಿಟ್ಟು 'ನಿಮ್ಮ ನಂಬರಿಗೆ ಐದು ಲಕ್ಷ ಬಂದಿದೆ, ಮೊದಲು ಟ್ಯಾಕ್ಸ್ ಕಟ್ಟಿ' ಎಂದು ಕರೆ ಬಂತು. ಕಟ್ಟಿದ. ಆಮೇಲೆ ಜಿಎಸ್‌ಟಿ ಅಂದರು, ಅದನ್ನೂ ಕಟ್ಟಿದ. ಮೂರನೆಯ ಸಲ 'ಫೈಲ್ ಚಾರ್ಜ್' ಕೇಳಿದಾಗ ಅವರಮ್ಮನ ಓಲೆ ಅಡವಿಗೆ ಹೋಗಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಕೇರಳ ಸರ್ಕಾರ ತನ್ನ ಲಾಟರಿಯನ್ನು ಆನ್‌ಲೈನ್‌ನಲ್ಲಿ ಮಾರುವುದೇ ಇಲ್ಲ, ಅದು ಬರೀ ಕಾಗದದ ಟಿಕೆಟ್. ತೆರಿಗೆಯನ್ನು ಬಹುಮಾನದ ಹಣದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ಗೆದ್ದವರಿಂದ ಮುಂಗಡ ಕೇಳುವುದಿಲ್ಲ. ಈ ಎರಡು ಮಾತು ಆ ಹುಡುಗನಿಗೆ ಮೊದಲೇ ಗೊತ್ತಿದ್ದರೆ ಓಲೆ ಉಳಿಯುತ್ತಿತ್ತು.

ಇನ್ನು ಆಟದ ವಿಷಯ. ಕೇರಳದ ಲಾಟರಿ ಹುಟ್ಟಿದ್ದು 1967ರಲ್ಲಿ. ಮುಖ್ಯಮಂತ್ರಿ ಇಎಂಎಸ್ ನಂಬೂದಿರಿಪಾಡ್ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಪಿ.ಕೆ. ಕುಂಜು ಅದಕ್ಕೆ ಕಾರಣರು. ಟಿಕೆಟ್ ಒಂದು ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ, ಮೊದಲ ಡ್ರಾ 1968ರ ಜನವರಿ 26ರಂದು. ಈಗ ತಿರುವನಂತಪುರದ ಗೋರ್ಕಿ ಭವನದಲ್ಲಿ ದಿನಾ ಮಧ್ಯಾಹ್ನ ಮೂರಕ್ಕೆ ಡ್ರಾ ನಡೆಯುತ್ತದೆ. ಸೋಮವಾರ ಭಾಗ್ಯತಾರಾ, ಮಂಗಳವಾರ ಸ್ತ್ರೀಶಕ್ತಿ, ಬುಧವಾರ ಧನಲಕ್ಷ್ಮಿ, ಗುರುವಾರ ಕಾರುಣ್ಯ ಪ್ಲಸ್, ಶುಕ್ರವಾರ ಸುವರ್ಣ ಕೇರಳಂ, ಶನಿವಾರ ಕಾರುಣ್ಯ, ಭಾನುವಾರ ಸಮೃದ್ಧಿ. ಯಾವುದೇ ದಿನದ್ದಾದರೂ ಟಿಕೆಟ್ 50 ರೂಪಾಯಿ, ಮೊದಲ ಬಹುಮಾನ ಒಂದು ಕೋಟಿ. ಆಟ ಒಂದೇ ಆದರೆ ಹೆಸರು ಏಳು ಯಾಕೆ ಎಂದು ನಾನೂ ತಲೆ ಕೆರೆದುಕೊಂಡಿದ್ದೆ. ಉತ್ತರ 1998ರ ಕೇಂದ್ರ ಲಾಟರಿ ಕಾಯ್ದೆಯಲ್ಲಿದೆ: ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ. ದಿನಾ ಡ್ರಾ ಬೇಕೆಂದರೆ ಏಳು ಲಾಟರಿಗಳೇ ಬೇಕು! ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್, ಅಂದರೆ ದೊಡ್ಡ ಬಹುಮಾನದ ವಿಶೇಷ ಡ್ರಾ, ಮಾಡುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಕ್ರಿಸ್‌ಮಸ್, ಬೇಸಿಗೆ, ವಿಷು, ಮಾನ್ಸೂನ್, ಓಣಂ, ಪೂಜಾ ಎಂದು ಕೇರಳ ಸರಿಯಾಗಿ ಆರನ್ನೇ ಇಟ್ಟುಕೊಂಡಿದೆ. ಕಾನೂನಿನ ಅಳತೆಗೆ ಹೊಲಿಸಿದ ಅಂಗಿ.

ದಿನದ ಟಿಕೆಟ್ ಮೇಲಿನ ಆರಂಕಿ ನಂಬರ್ ಮತ್ತು ಅದರ ಮುಂದಿನ ಅಕ್ಷರಗಳ ಸೀರೀಸ್ ನೋಡಿದರೆ ಅದೃಷ್ಟದ ಅಳತೆಯೂ ಸಿಗುತ್ತದೆ. 100000ದಿಂದ 999999ರವರೆಗೆ ಒಂಬತ್ತು ಲಕ್ಷ ನಂಬರ್, ಹನ್ನೆರಡು ಸೀರೀಸ್. ಒಟ್ಟು 1.08 ಕೋಟಿ ಟಿಕೆಟ್, ಅಷ್ಟರಲ್ಲಿ ಮೊದಲ ಬಹುಮಾನ ಒಂದೇ ಒಂದು. ದಿನಕ್ಕೊಂದು ಟಿಕೆಟ್ ತಪ್ಪದೆ ಕೊಂಡರೆ ಸರಾಸರಿ ಲೆಕ್ಕದಲ್ಲಿ ಒಂದು ಸಲ ಹೊಡೆಯಲು 29 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ನನಗೀಗ ಅರವತ್ತೆಂಟು.

ಹಾಗಾದರೆ ಜನ ಮತ್ತೆ ಮತ್ತೆ ಯಾಕೆ ಕೊಳ್ಳುತ್ತಾರೆ? ಅದರ ಗುಟ್ಟು ಕೊನೆಯ ನಾಲ್ಕಂಕಿಯಲ್ಲಿದೆ. ಸಣ್ಣ ಬಹುಮಾನಗಳಿಗೆ ಪೂರ್ತಿ ನಂಬರ್ ಕೂಡಬೇಕಾಗಿಲ್ಲ, ಕೊನೆಯ ನಾಲ್ಕು ಅಂಕಿ ಕೂಡಿದರೆ ಸಾಕು. ಪೂರ್ತಿ ಅಚ್ಚಾದ ಟಿಕೆಟ್‌ಗಳಲ್ಲಿ ಅಂಥ ಒಂದೊಂದು ನಾಲ್ಕಂಕಿಗೂ 1,080 ಟಿಕೆಟ್ ಸಿಗುತ್ತವೆ. ಆದ್ದರಿಂದ ನೂರೋ ಇನ್ನೂರೋ ಐನೂರೋ ಹೊಡೆದವರು ಪ್ರತಿ ಊರಲ್ಲೂ ಕಾಣುತ್ತಾರೆ. ಆ ದುಡ್ಡು ಮನೆಗೆ ಹೋಗುವುದು ಕಡಿಮೆ, ಅಲ್ಲೇ ಅಂಗಡಿಯಲ್ಲಿ ನಾಳೆಯ ಟಿಕೆಟ್ ಆಗುತ್ತದೆ. ನನ್ನ ನಂಬರ್ ಒಂದಂಕಿಯಲ್ಲಿ ತಪ್ಪಿದಾಗ 'ಛೆ, ಸ್ವಲ್ಪದರಲ್ಲಿ ಹೋಯ್ತು' ಅಂದುಕೊಂಡಿದ್ದೆ. ಸ್ವಲ್ಪವೇನೂ ಅಲ್ಲ. ಡ್ರಾ ಮಾಡುವ ಯಂತ್ರಕ್ಕೆ ನನ್ನ ನಂಬರಿನ ಪರಿಚಯವೇ ಇಲ್ಲ.

25 ಕೋಟಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವಾಗ ಕೈಗೆ ಬರುವುದೆಷ್ಟು ಎಂದೂ ಬರೆಯಿರಿ. ಟಿಕೆಟ್ ಮಾರಿದ ಏಜೆಂಟರಿಗೆ ಶೇ 10, ಅಂದರೆ ಎರಡೂವರೆ ಕೋಟಿ. ಉಳಿದ 22.5 ಕೋಟಿಯಲ್ಲಿ ಶೇ 30 ಆದಾಯ ತೆರಿಗೆ, 6.75 ಕೋಟಿ. ಕೈಗೆ 15.75 ಕೋಟಿ, ಅದರಲ್ಲೂ ತೆರಿಗೆಯ ಮೇಲಿನ ಸರ್ಚಾರ್ಜು, ಸೆಸ್ಸು ಕಟ್ಟುವುದು ಬಾಕಿ ಇರುತ್ತದೆ. ಸೋತವರ ತೆರಿಗೆ ಟಿಕೆಟ್ ಕೊಂಡಾಗಲೇ ಪಾವತಿ. 2025ರ ಸೆಪ್ಟೆಂಬರ್ 22ರಿಂದ ಲಾಟರಿಗೆ ಶೇ 40 ಜಿಎಸ್‌ಟಿ. ಅದು ಟಿಕೆಟ್ ಬೆಲೆಯೊಳಗೇ ಸೇರಿರುವುದರಿಂದ ಐವತ್ತು ರೂಪಾಯಿಯಲ್ಲಿ ಹದಿನಾಲ್ಕು ರೂಪಾಯಿ ಚಿಲ್ಲರೆ ಕೇಂದ್ರಕ್ಕೂ ರಾಜ್ಯಕ್ಕೂ ಹೋಯಿತು. ಮಿಕ್ಕದ್ದರಲ್ಲಿ ಬಹುಮಾನ, ಕಮಿಷನ್, ಅಚ್ಚಿನ ಖರ್ಚು, ಸರ್ಕಾರದ ಲಾಭ. ಕೆ.ಎಂ. ಮಾಣಿ ಕೇರಳದ ಹಣಕಾಸು ಸಚಿವರಾಗಿದ್ದಾಗ ಕಾರುಣ್ಯ ಲಾಟರಿಯ ಲಾಭವನ್ನು ಬಡವರ ಕ್ಯಾನ್ಸರ್, ಹೃದಯ, ಕಿಡ್ನಿ ಚಿಕಿತ್ಸೆಗೆ ತೆಗೆದಿಟ್ಟದ್ದು ನಿಜ, ಅಂಗವಿಕಲರಿಗೆ ಟಿಕೆಟ್ ಮಾರಾಟ ಜೀವನೋಪಾಯವಾಗಿರುವುದೂ ನಿಜ. ಹಾಗೆಂದು ಇದನ್ನು ದಾನಧರ್ಮ ಎನ್ನಲು ನನಗೆ ಬಾಯಿ ಬರುವುದಿಲ್ಲ. ದಿನಗೂಲಿಯವರ ಜೇಬಿನಿಂದ ಎತ್ತಿ ದಿನಗೂಲಿಯವರ ಆಸ್ಪತ್ರೆ ಖರ್ಚಿಗೆ ಕೊಡುವ ವ್ಯವಸ್ಥೆ ಇದು.

ನಮ್ಮಲ್ಲಿ ಯಾಕಿಲ್ಲ ಎಂದು ಹೊಸ ತಲೆಮಾರಿನವರು ಕೇಳುತ್ತಾರೆ. ಇತ್ತು. ಕರ್ನಾಟಕ ರಾಜ್ಯ ಲಾಟರಿಯ ಟಿಕೆಟ್ ಕೊಂಡವರು, ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು 'ಇವತ್ತೇ ಡ್ರಾ' ಎಂದು ಕೂಗುತ್ತಿದ್ದುದನ್ನು ಕೇಳಿದವರು ನಾವು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2007ರ ಏಪ್ರಿಲ್ 1ರಿಂದ ಅದು ನಿಂತಿತು. ತನ್ನ ಲಾಟರಿ ನಡೆಸುತ್ತಲೇ ಬೇರೆ ರಾಜ್ಯದ ಟಿಕೆಟನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿತ್ತು. ಹೊರಗಿನದನ್ನು ಮುಚ್ಚಬೇಕಾದರೆ ಮನೆಯದನ್ನೂ ಮುಚ್ಚಬೇಕಿತ್ತು. ಮುಚ್ಚಿದ ಮೇಲೂ ಜೂಜು ಹೋಗಲಿಲ್ಲ. 2015ರಲ್ಲಿ ಅಕ್ರಮ ಒಂದಂಕಿ ಲಾಟರಿ ಹಗರಣದಲ್ಲಿ ಪೊಲೀಸ್ ಅಧಿಕಾರಿಗಳ ಹೆಸರೇ ಕೇಳಿಬಂದು ಪ್ರಕರಣ ಸಿಬಿಐ ಕೈಗೆ ಹೋಯಿತು. ಒಂದಂಕಿಯ ಮೇಲೆ ಬಹುಮಾನ ಇಡುವುದನ್ನು 1998ರ ಕಾಯ್ದೆ ಸರ್ಕಾರಗಳಿಗೇ ನಿಷೇಧಿಸಿದೆ. ಆದರೂ ನಾನು 2007ರ ತೀರ್ಮಾನದ ಪರ. ಸಂಬಳದ ದಿನ ಸಾಯಂಕಾಲ ಆ ಅಂಗಡಿಗಳ ಮುಂದೆ ನಿಂತಿರುತ್ತಿದ್ದ ಹೆಂಗಸರನ್ನು ಕಂಡವನು ನಾನು. ಗಂಡ ಒಳಗೆ, ಹೆಂಡತಿ ಹೊರಗೆ.

ಇದೆಲ್ಲವನ್ನೂ ಪ್ರತಿ ಸಲ ಅಚ್ಚು ಹಾಕಿ ಎಂದು ಕೇಳುತ್ತಿಲ್ಲ. ಗೆದ್ದವರ ಫೋಟೊ ಪಕ್ಕ ಅಂಗೈಯಗಲದ ಒಂದು ಚೌಕ ಸಾಕು. ಇದು ಕಾಗದದ ಟಿಕೆಟ್, ಕರ್ನಾಟಕದಲ್ಲಿ ಮಾರುವುದು ಅಪರಾಧ. ಗೆದ್ದರೆ ಟಿಕೆಟ್ ಹಿಂದೆ ಸಹಿ ಮಾಡಿ, ಮೂವತ್ತು ದಿನದೊಳಗೆ ಅಸಲು ಟಿಕೆಟನ್ನೇ ಒಪ್ಪಿಸಬೇಕು, ಫೋಟೊ ನಡೆಯುವುದಿಲ್ಲ. ಮುಂಗಡ ತೆರಿಗೆ ಕೇಳಿದವರು ಕಳ್ಳರು.

ನಮ್ಮ ಬೀದಿಯ ಹುಡುಗ ಇನ್ನೂ ದೂರು ಕೊಟ್ಟಿಲ್ಲ. ಲಾಟರಿ ಕೊಂಡದ್ದಕ್ಕೆ ತನ್ನನ್ನೇ ಸ್ಟೇಷನ್ನಿಗೆ ಎಳೆಯುತ್ತಾರೆ ಎಂದು ಹೆದರಿಕೊಂಡಿದ್ದಾನೆ. ಸೈಬರ್ ವಂಚನೆಗೆ 1930 ಎಂಬ ಸಹಾಯವಾಣಿ ಇದೆ ಎಂದು ನಾನು ಹೇಳುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಚೌಕದಲ್ಲಿ ಜಾಗ ಉಳಿದರೆ ಆ ನಂಬರನ್ನೂ ಸೇರಿಸಿ.

— ನಿವೃತ್ತ ಬ್ಯಾಂಕ್ ನೌಕರ, ಗುಂಡ್ಲುಪೇಟೆ