ಹೋಂ ನರ್ಸ್ ಸಂಬಳ: ಇದ್ಯಾವ ಮಾರ್ಕೆಟ್?

ಮಾನ್ಯರೇ,

ಹೋಂ ನರ್ಸ್‌ಗಳು ಹೇಳದೆ ಕೇಳದೆ ಕೆಲಸ ಬಿಡುತ್ತಿದ್ದಾರೆ ಎಂಬ ನಿಮ್ಮ ಸೋಮವಾರದ ವರದಿಯಲ್ಲಿ ಮುಕ್ಕಾಲು ಪಾಲು ಅವರನ್ನು ರೋಗಿಗಳ ಮನೆಗೆ ಕಳಿಸುವ ಏಜೆನ್ಸಿಯವರ ಗೋಳೇ. ‘ಸಂಬಳ ಮಾರ್ಕೆಟ್ ನಿರ್ಧರಿಸುತ್ತದೆ, ನಾವೇನು ಮಾಡೋಣ’ ಅಂತೆ. ಪಾಪ!

ಮನೆಯವರು ಎಷ್ಟು ಕಟ್ಟುತ್ತಾರೆಂದು ಕೆಲಸದವಳಿಗೆ ಹೇಳುವುದಿಲ್ಲ, ಅವಳ ಕೈಗೆ ಎಷ್ಟು ಸೇರುತ್ತದೆಂದು ಮನೆಯವರಿಗೆ ಹೇಳುವುದಿಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜಿಗೆ ಸಾಲಿದೆ, ಕೂಲಿಗೆ ಸಾಲಿಲ್ಲ. ಅವಳನ್ನು ನೇರವಾಗಿ ಇಟ್ಟುಕೊಂಡರೆ ದಂಡ ಎಂದು ಕರಾರು. ಮೊದಲ ತಿಂಗಳ ಸಂಬಳ ‘ಡಿಪಾಸಿಟ್’, ಅಸಲು ಅಂಕಪಟ್ಟಿ ಏಜೆನ್ಸಿಯ ಬೀರುವಿನಲ್ಲಿ. ಹೆಚ್ಚು ಕೊಡುವ ಕಡೆ ಹೋಗದಂತೆ ಕಾಲು ಕಟ್ಟಿಹಾಕಿ ಸ್ಪರ್ಧೆಯ ಮಾತಾಡುತ್ತಾರೆ. ಕೆ.ಆರ್. ಮಾರ್ಕೆಟ್ಟಿನ ಕೊತ್ತಂಬರಿ ಕಟ್ಟಿಗಾದರೂ ಎಲ್ಲರಿಗೂ ಕೇಳಿಸುವಂತೆ ದರ ಕೂಗುತ್ತಾರೆ.

ಕೈಗೆ 18,000 ಬಂತು ಅಂದುಕೊಳ್ಳಿ. ವಾರದ ರಜೆಯಿಲ್ಲದೆ ದಿನಕ್ಕೆ 12 ಗಂಟೆಯೆಂದರೆ ತಿಂಗಳಿಗೆ 360 ಗಂಟೆ, ಗಂಟೆಗೆ 50 ರೂಪಾಯಿ. ‘24 ಗಂಟೆ’ ಅಟೆಂಡರ್ ಎಂದು ಮನೆಯಲ್ಲೇ ಉಳಿದವಳಿಗೆ ಅದೇ ದುಡ್ಡು ಗಂಟೆಗೆ 25ಕ್ಕೆ ಇಳಿಯುತ್ತದೆ. ಕನಿಷ್ಠ ಕೂಲಿ ಲೆಕ್ಕ ಹಾಕುವ ತಿಂಗಳು 26 ದಿನ, 8 ಗಂಟೆ, ಅಂದರೆ 208 ಗಂಟೆ. ಮಿಕ್ಕಿದ್ದಕ್ಕೆ ದುಪ್ಪಟ್ಟು ಓವರ್‌ಟೈಮ್ ಎಂಬುದನ್ನು ಇಲ್ಲಿ ಯಾರಾದರೂ ಕೇಳಿದ್ದಾರೆಯೇ?

ಕೆಲಸವೇನು ಸಾಮಾನ್ಯದ್ದಲ್ಲ. ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವ ಮುನ್ನ ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಏರಿಸಬೇಕು, ಇಲ್ಲದಿದ್ದರೆ ಗಂಜಿ ಶ್ವಾಸಕೋಶಕ್ಕೆ ಇಳಿದೀತು. ಹಾಸಿಗೆ ಹುಣ್ಣಾಗದಂತೆ 2 ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಇದೆಲ್ಲ ಬಲ್ಲವಳಿಗೂ ನಿನ್ನೆ ಬಸ್ಸಿಳಿದವಳಿಗೂ ಒಂದೇ ಸಂಬಳ. ಬಲ್ಲವಳು ಯಾಕಿರುತ್ತಾಳೆ? ಆಮೇಲೆ ‘ರಿಪ್ಲೇಸ್‌ಮೆಂಟ್’, ಅದಕ್ಕೊಂದು ಚಾರ್ಜು, ಹೊಸಬಳಿಗೆ ಮಾತ್ರೆ ಡಬ್ಬಿ ತೋರಿಸಿಕೊಡಲು ಮನೆಯವರಿಗೆ ಎರಡು ದಿನ ಆಫೀಸಿಗೆ ರಜೆ, ಮೂರನೇ ದಿನ ರೋಗಿಯ ಸೊಂಟದ ಕೆಳಗೆ ಕೆಂಪು ಕಲೆ. ‘ಕೇರ್ ಮ್ಯಾನೇಜರ್’ ಫೋನು ಮಾತ್ರ ಸ್ವಿಚ್ ಆಫ್!

ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಸಮಿತಿಯಾಯಿತು. 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ 20,000ಕ್ಕೆ ಕಮ್ಮಿ ಬೇಡ, 200 ದಾಟಿದರೆ ಸರ್ಕಾರಿ ನರ್ಸ್‌ಗೆ ಸಮ ಎಂದಿತು. ಅದು ತರಬೇತಾದ ನರ್ಸ್‌ಗಳ ಮಾತು, ಮನೆ ಬಾಗಿಲಿಗೆ ಬರಲಿಲ್ಲ. ಮನೆಗೆಲಸಕ್ಕೆ ನಮ್ಮ ರಾಜ್ಯ 2004ರಲ್ಲೇ ಕನಿಷ್ಠ ಕೂಲಿ ನಿಗದಿ ಮಾಡಿತ್ತು. ಕಾರ್ಮಿಕ ಇಲಾಖೆಯಲ್ಲಿ ಅದರ ಪ್ರತಿ ಕೇಳಿದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ, ಇಲ್ಲವೇ ಸರ್ವರ್ ಡೌನ್.

ಬಿಲ್ಲಿನಲ್ಲಿ ಕೂಲಿ ಎಷ್ಟು, ಕಮಿಷನ್ ಎಷ್ಟು ಎಂದು ಬೇರೆಬೇರೆ ಬರೆಸಲಿ. ಅದಾಗದಿದ್ದರೆ ಗಂಟೆಗೆ ಇಷ್ಟೆಂದು ಇಲಾಖೆಯೇ ದರ ಕಟ್ಟಲಿ. ಎರಡೂ ಆಗದಿದ್ದರೆ ಅಧಿಕಾರಿಗಳು ಒಂದು ರಾತ್ರಿ ಬಂದು, ಗಂಟೆಗೆ 25 ರೂಪಾಯಿಗೆ, 2 ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಿ ಹೋಗಲಿ.

– ನೊಂದ ಓದುಗ, ಜಯನಗರ, ಬೆಂಗಳೂರು