ಭಾನುವಾರದ ಸತ್ಯವೇದ ಅಧ್ಯಯನ: ದೇವರ ಹೆಸರಿನಲ್ಲಿ ಆಣೆ ಇಡಬಹುದೇ?

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ಈ ಭಾನುವಾರ ಆರಾಧನೆ ಮುಗಿದ ಮೇಲೆ 11:30ಕ್ಕೆ ಚರ್ಚ್ ಹಾಲ್‌ನಲ್ಲಿ ಅಧ್ಯಯನ ಇದೆ. ಹಿರಿಯರು, ಯುವಜನರು ಒಟ್ಟಿಗೇ ಕೂರುತ್ತೇವೆ. ಹಾಗಾಗಿ ಯುವಜನರ ಸಂಜೆ ಕೂಟ ಈ ವಾರ ಇರುವುದಿಲ್ಲ.

ಕಳೆದ ವಾರ ಎದ್ದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಧರ್ಮೋಪದೇಶಕಾಂಡ 6:13 ಯೆಹೋವನ ಹೆಸರೆತ್ತಿಯೇ ಪ್ರಮಾಣ ಮಾಡಬೇಕು ಎನ್ನುತ್ತದೆ. ಮತ್ತಾಯ 5:34ರಲ್ಲಿ ಯೇಸುಸ್ವಾಮಿ ಆಣೆಯನ್ನೇ ಇಡಬೇಡಿ ಎನ್ನುತ್ತಾರೆ, ಯಾಕೋಬ 5:12 ಕೂಡ ಅದನ್ನೇ ಹೇಳುತ್ತದೆ. ಆದರೆ ಪೌಲನು 2 ಕೊರಿಂಥ 1:23ರಲ್ಲಿ ದೇವರನ್ನೇ ಸಾಕ್ಷಿಗೆ ಕರೆಯುತ್ತಾನೆ!

ದಯವಿಟ್ಟು ಇವುಗಳ ಹಿಂದುಮುಂದಿನ ವಚನಗಳನ್ನೂ ಓದಿಕೊಂಡು ಬನ್ನಿ. ಧರ್ಮೋಪದೇಶಕಾಂಡದಲ್ಲಿ ಮರುವಚನವೇ ಅನ್ಯದೇವರುಗಳ ಹಿಂದೆ ಹೋಗಬೇಡಿ ಎನ್ನುತ್ತದೆ. ಅಂದರೆ ಅಲ್ಲಿರುವುದು ನಿಷ್ಠೆ ಯಾರಿಗೆ ಎಂಬ ಮಾತು. ಮತ್ತಾಯ 23:16-22 ಮಾತ್ರ ತಪ್ಪಿಸಬೇಡಿ. ದೇವಾಲಯದ ಮೇಲೆ ಆಣೆಯಿಟ್ಟರೆ ನಡೆಸಬೇಕಾಗಿಲ್ಲ, ಅದರ ಚಿನ್ನದ ಮೇಲೆ ಇಟ್ಟರೆ ನಡೆಸಲೇಬೇಕು ಎಂದು ಕಲಿಸುತ್ತಿದ್ದವರನ್ನು ಸ್ವಾಮಿ ಅಲ್ಲಿ ಗದರಿಸುತ್ತಾರೆ. ನುಣುಚಿಕೊಳ್ಳಲು ಆಣೆಯನ್ನು ಬಳಸುವುದೇ ಅವರಿಗೆ ಸಹಿಸದ ಸಂಗತಿ ಎಂದು ನನಗೆ ಅನ್ನಿಸುತ್ತದೆ. ಬೇರೆ ಅಭಿಪ್ರಾಯ ಇದ್ದವರು ಖಂಡಿತ ಹೇಳಿ, ಅದಕ್ಕೇ ಸೇರುತ್ತಿರುವುದು.

ಕೋರ್ಟಿನಲ್ಲಿ ದೇವರ ಹೆಸರಲ್ಲಿ ಪ್ರಮಾಣ ಮಾಡುವ ಬದಲು ದೃಢೀಕರಣ ಹೇಳಲು ನಮ್ಮ ಕಾನೂನಿನಲ್ಲಿ ಅವಕಾಶವಿದೆ. ಅದನ್ನೂ ಚರ್ಚಿಸೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ಹೆಸರು ಹಾಕಿ, ಟೀ ತಿಂಡಿಗೆ ಲೆಕ್ಕ ಬೇಕು. ದೊಡ್ಡ ಅಕ್ಷರದ ಸತ್ಯವೇದ ಬೇಕಾದ ಹಿರಿಯರು ನನಗೆ ಫೋನ್ ಮಾಡಿ. ಚರ್ಚೆಯನ್ನು ಗುಂಪಿನಲ್ಲಿ ಶುರುಮಾಡದೆ ಭಾನುವಾರಕ್ಕೆ ಉಳಿಸಿಕೊಳ್ಳಿ.